ಅಜ್ಜನವರು ಸೂಲಗಿತ್ತಿಯರ ಪಾಠಕ್ಕೆ ಕುಳಿತದ್ದು

ಮುದ್ದನಹಾಳದ ಮಠ ದೊಡ್ಡ ಮಠವೇನಲ್ಲ. ಮಠವೆಂದ ಕೂಡಲೆ ಓದುಗರ ಕಣ್ಣಿಗೆ ಕಲ್ಲಿನ ಕಂಬಗಳೂ ಹೆಬ್ಬಾಗಿಲೂ ಬರಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಮೂರು ಅಂಕಣದ ಮಣ್ಣಿನ ಮನೆ, ಮುಂದೆ ತಗಡಿನ ಪಡಸಾಲೆ, ಹಿತ್ತಲಲ್ಲಿ ದನದ ಕೊಟ್ಟಿಗೆ, ಕೊಟ್ಟಿಗೆಗೆ ಹೊಂದಿಕೊಂಡು ದಾಸೋಹದ ಒಲೆ. ಬಂದವರಿಗೆಲ್ಲ ಅನ್ನ ಬೇಯುತ್ತಿದ್ದ ಆ ಒಲೆಯೇ ಮಠದ ಐಶ್ವರ್ಯ. ಪೂಜ್ಯ ಶ್ರೀ ಅಡಿವೆಯ್ಯ ಅಜ್ಜನವರು ನಲವತ್ತೆರಡು ವರ್ಷ ಈ ಮಠದಲ್ಲಿದ್ದರು. ಗದ್ದುಗೆಯ ಮೇಲೆ ಅವರು ಕುಳಿತದ್ದನ್ನು ಕಂಡವರು ಕಡಿಮೆ. ಒಲೆಯ ಮುಂದೆ ಗೋಣಿತಟ್ಟು ಹಾಸಿಕೊಂಡು ಜೋಳ ಹಸನು ಮಾಡುತ್ತ ಕುಳಿತದ್ದನ್ನು ಕಾಣದವರು ಇಲ್ಲ.

ನಾನು ಹೇಳಲಿರುವ ಪ್ರಸಂಗ ನಡೆದು ಸುಮಾರು ಅರವತ್ತು ವರ್ಷಗಳಾಗಿವೆ. ಅಂದು ಪಡಸಾಲೆಯಲ್ಲಿ ಕುಳಿತು ಕಣ್ಣಾರೆ ಕಂಡ ನಮ್ಮ ಸೋದರತ್ತೆಯವರು ನನಗೆ ಇದನ್ನು ಹೇಳಿದರು. ಅವರು ಹೇಳಿದಷ್ಟನ್ನೇ ಬರೆಯಬೇಕೆಂದುಕೊಂಡಿದ್ದೇನೆ. ಆದರೆ ಇಂದಿನವರಿಗೆ ಕೆಲವು ಸಂಗತಿಗಳನ್ನು ಬಿಡಿಸಿ ಹೇಳದಿದ್ದರೆ ಅಜ್ಜನವರು ಮಾಡಿದ್ದರ ದೊಡ್ಡತನ ತಿಳಿಯಲಾರದು.

ಅದರಲ್ಲಿ ಮೊದಲನೆಯದು ಭಸ್ಮದ ಗಂಟು. ದಾಸೋಹದ ಒಲೆಯ ಬೂದಿಯನ್ನು ಸೋಸಿ ಒಂದು ಬಿದಿರು ಬುಟ್ಟಿಯಲ್ಲಿ ಇಡುತ್ತಿದ್ದರು. ಬಸುರಿಗೆ ಎಂಟು ತಿಂಗಳು ತುಂಬಿತೆಂದರೆ ಮನೆಯವರು ಬಂದು, ಅಜ್ಜನವರ ಕೈಯಿಂದ ಹಳೆಯ ಬಟ್ಟೆಯ ಚೂರಿನಲ್ಲಿ ಒಂದು ಹಿಡಿ ಭಸ್ಮ ಕಟ್ಟಿಸಿಕೊಂಡು ಹೋಗುತ್ತಿದ್ದರು. ತಾಯಿಯ ಹಣೆಗೆ ಒಂದು ಚಿಟಿಕೆ. ಉಳಿದದ್ದು ಹೆರಿಗೆಯಾದ ಮೇಲೆ ಕೂಸಿನ ಹೊಕ್ಕಳಿಗೆ. ಇದನ್ನು ಹಳೆಯ ಗುರುಗಳು ಹಾಕಿಕೊಟ್ಟ ಪದ್ಧತಿ ಎಂದು ಯಾರೂ ತಿಳಿಯಬಾರದು. ಪಟ್ಟಕ್ಕೆ ಬಂದ ಮೂರನೆಯ ವರ್ಷ, ಅಳುತ್ತ ಬಂದ ಒಬ್ಬ ತಾಯಿಗೆ ಅಜ್ಜನವರೇ ಕರುಣೆಯಿಂದ, "ಹೊಕ್ಕಳಕ್ಕ ಹಚ್ಚವಾ, ಶಿವ ಕಾಯ್ತಾನ" ಎಂದು ಕೊಟ್ಟಿದ್ದರು. ಆ ಕೂಸು ಬದುಕಿತು. ಅಲ್ಲಿಂದ ಸುತ್ತಲ ಒಂಬತ್ತು ಹಳ್ಳಿಗಳಲ್ಲಿ ಆ ಗಂಟಿಲ್ಲದೆ ಹೆರಿಗೆ ನಡೆಯಲಿಲ್ಲ.

ಎರಡನೆಯದು ಸಂಕವ್ವನ ವಿಷಯ. ಹಡಪದರ ಸಂಕವ್ವ ಆ ಊರಿನ ಸೂಲಗಿತ್ತಿ. ಅರವತ್ತಕ್ಕೆ ಎರಡು ಕಡಿಮೆ ವಯಸ್ಸು, ನಲವತ್ತು ವರ್ಷದ ಅನುಭವ. ಕೂಸು ಅಡ್ಡವಾಗಿದೆಯೋ ನೆಟ್ಟಗಿದೆಯೋ ಎಂಬುದನ್ನು ಹೊಟ್ಟೆಯ ಮೇಲೆ ಅಂಗೈ ಇಟ್ಟೇ ಹೇಳುತ್ತಿದ್ದಳು. ಊರಗೌಡರೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು, ಏಕೆಂದರೆ ಅವರನ್ನು ಭೂಮಿಗೆ ಇಳಿಸಿಕೊಂಡ ಕೈಯೂ ಅದೇ. ಆದರೆ ಅವಳ ಕೈಯಲ್ಲಿ ಹುಟ್ಟಿದ ಕೂಸುಗಳಲ್ಲಿ ಕೆಲವು ಏಳನೆಯ ದಿನವೋ ಎಂಟನೆಯ ದಿನವೋ ಮೊಲೆ ಬಿಟ್ಟು, ಬಾಯಿ ಕಚ್ಚಿಕೊಂಡು, ಬಿಲ್ಲಿನಂತೆ ಸೆಟೆದು ತೀರಿಹೋಗುತ್ತಿದ್ದವು. ಐದನೆಯ ದಿನ ಸೆಟವಿ ತಾಯಿ ಬಂದು ಕೂಸಿನ ಹಣೆಯ ಮೇಲೆ ಆಯುಷ್ಯ ಬರೆದು ಹೋಗುತ್ತಾಳೆಂಬುದು ನಮ್ಮ ಕಡೆಯ ನಂಬಿಕೆ. "ಸೆಟವಿ ಬರೆದದ್ದು ಇಷ್ಟು" ಎಂದು ಮನೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಕವ್ವನ ಒಬ್ಬಳೇ ಮಗಳು ನೀಲವ್ವನನ್ನು ಅದೇ ಊರಿಗೆ ಕೊಟ್ಟಿತ್ತು. ಅವಳ ಎರಡು ಕೂಸುಗಳೂ ಹೀಗೆಯೇ ಹೋಗಿದ್ದವು. ಈಗ ಅವಳು ಮತ್ತೆ ಎಂಟು ತಿಂಗಳ ಬಸುರಿ.

ಆ ಹೊತ್ತಿಗೆ ಸರ್ಕಾರದವರು ಊರಿಗೆ ಒಬ್ಬ ನರ್ಸಬಾಯಿಯನ್ನು ಕಳಿಸಿದರು. ಕರಾವಳಿಯ ಕಡೆಯ ಹುಡುಗಿ, ಅಂಬುಜಾಕ್ಷಿ ಎಂದು ಹೆಸರು, ಇಪ್ಪತ್ತಮೂರರ ಪ್ರಾಯ. ಸುತ್ತಲಿನ ಸೂಲಗಿತ್ತಿಯರಿಗೆ ಹತ್ತು ದಿನ ಚಾವಡಿಯಲ್ಲಿ ಪಾಠ ಹೇಳಬೇಕೆಂದು ಅವಳಿಗೆ ಆಜ್ಞೆಯಾಗಿತ್ತು. ಮೊದಲ ದಿನ ಬಂದವರು ನಾಲ್ಕೇ ಮಂದಿ. ಎಲ್ಲರೂ ಕಾಯುತ್ತಿದ್ದದ್ದು ಸಂಕವ್ವನನ್ನು. ಅವಳು ಚಾವಡಿಯ ಮುಂದಿನಿಂದಲೇ ನೀರಿಗೆ ಹೋದಳು, ನೀರು ತಂದಳು, ಒಳಗೆ ಮಾತ್ರ ತಿರುಗಿ ನೋಡಲಿಲ್ಲ.

"ಒಂದೂ ಹಡೆದಿಲ್ಲ ಆ ಹುಡುಗಿ, ನನಗ ಹಡಸೂದು ಕಲಸ್ತಾಳಂತ! ನಾಳೆ ಮೀನಿಗೂ ಈಜು ಕಲಸಾಕ ಯಾರನ್ನರ ಕಳಸ್ತಾರ ನೋಡು" ಎಂದು ಬಾವಿಕಟ್ಟೆಯಲ್ಲಿ ಕೊಡ ಇಳಿಸಿ ಹೇಳಿದಳು. ಹೆಂಗಸರೆಲ್ಲ ನಕ್ಕರು. ನೀಲವ್ವ ಒಬ್ಬಳೇ ನಗಲಿಲ್ಲ.

"ಅವ್ವಾ, ನೀ ಕಲತು ಬಂದ್ರ ನಿನ್ನ ಕೈ. ಇಲ್ಲಂದ್ರ ಆ ನರ್ಸಬಾಯಾರ ಕೈ. ನೀ ನಮ್ಮ ಮನಿ ಮೆಟ್ಟಲಾ ಹತ್ತಬ್ಯಾಡ" ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟಳು.

ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಕೈಯನ್ನು ಹೆತ್ತ ಮಗಳೇ ಬೇಡವೆಂದರೆ ಆ ತಾಯಿಗೆ ಏನಾಗಿರಬೇಕು! ಸಂಕವ್ವ ಕೊಡವನ್ನು ಅಲ್ಲಿಯೇ ಬಿಟ್ಟು ನೇರವಾಗಿ ಮಠಕ್ಕೆ ಬಂದಳು.

ಮಧ್ಯಾಹ್ನದ ಮೂರರ ಹೊತ್ತು. ಅಜ್ಜನವರು ಒಲೆಯ ಮುಂದೆ ಮೊರದಲ್ಲಿ ಜೋಳ ಆರಿಸುತ್ತಿದ್ದರು. ಪಡಸಾಲೆಯಲ್ಲಿ ಎಂಟು ಹತ್ತು ಭಕ್ತರಿದ್ದರು. ನಮ್ಮ ಸೋದರತ್ತೆಯವರೂ ಅವರಲ್ಲಿ ಒಬ್ಬರು.

"ಶರಣ್ರಿ ಅಜ್ಜಾರ. ಆ ನರ್ಸಬಾಯೀನ ಊರು ಬಿಡಸ್ರಿ" ಎಂದಳು ಸಂಕವ್ವ, ಕೂರದೆಯೇ.

"ಯಾಕವಾ? ಏನಂತಾಳ ಆಕಿ?"

"ಹುಲ್ಲು ಕೊಯ್ಯೂ ಕುಡುಗೋಲಲೆ ಹೊಕ್ಕಳಬಳ್ಳಿ ಕೊಯ್ಯಬಾರದಂತ. ಉಗರು ಬಿಡಬಾರದಂತ. ಅದೆಲ್ಲಾ ಇರ್ಲಿ ಬಿಡ್ರಿ." ಸಂಕವ್ವ ಒಮ್ಮೆ ಪಡಸಾಲೆಯ ಕಡೆಗೆ ತಿರುಗಿದಳು. ತನ್ನಲ್ಲಿದ್ದ ದೊಡ್ಡ ಅಸ್ತ್ರವನ್ನು ಅವಳು ಎಲ್ಲರಿಗೂ ಕೇಳಿಸುವಂತೆ ಬಿಡಬೇಕಾಗಿತ್ತು. "ಹೊಕ್ಕಳಕ್ಕ ಭಸ್ಮಾ ಹಚ್ಚಬಾರದಂತ್ರಿ! ನಿಮ್ಮ ಕೈಯಾಗಿನ ಭಸ್ಮಾ!"

ಪಡಸಾಲೆಯಲ್ಲಿ ಗದ್ದಲವೆದ್ದಿತು. ದಿನವೂ ಅಲ್ಲಿಯೇ ಕುಳಿತಿರುತ್ತಿದ್ದ ಈರಭದ್ರಪ್ಪನೆಂಬ ಹಿರಿಯನು, "ಅಜ್ಜಾರ ಭಸ್ಮಕ್ಕ ಹೆಸರಿಟ್ಟಾಳಂದ್ರ ಆಕಿ ಗಂಟುಮೂಟಿ ಕಟ್ಟಿದಂಗ" ಎಂದು ಎದ್ದೇ ನಿಂತನು. ಈಗ ಅಜ್ಜನವರು ಒಂದು ಮಾತು ಹೇಳಿದರೆ ಸಾಕು, ನರ್ಸಬಾಯಿ ಸಂಜೆಯ ಬಸ್ಸು ಹತ್ತಬೇಕಾಗುತ್ತಿತ್ತು. ಅದು ಸಂಕವ್ವನಿಗೆ ಗೊತ್ತಿತ್ತು.

ಅಜ್ಜನವರು ಮೊರ ಕೆಳಗಿಟ್ಟರು. "ಆಕೀನ ಕರಕೊಂಡು ಬಾ ಈರಭದ್ರಪ್ಪ. ಜೋರು ಮಾಡಬ್ಯಾಡ" ಎಂದರು.

ಅಂಬುಜಾಕ್ಷಿ ಬಂದಳು. ಪಾಪ, ದೂರದ ಊರಿನ ಹುಡುಗಿ, ಬಾಗಿಲಲ್ಲೇ ನಿಂತಳು. "ಸ್ವಾಮಿಗಳೇ, ಮಠಕ್ಕೆ ಅವಮಾನ ಮಾಡಲಿಕ್ಕೆ ನಾನು ಹೇಳಿದ್ದಲ್ಲ" ಎಂದು ಕೈಮುಗಿದಳು.

"ಕೂಡ್ರು ತಾಯಿ. ನನಗೂ ಹೇಳು. ತಿಳಿಯೂಹಂಗ ಹೇಳು."

ಅವಳು ಹೇಳಿದಳು. ಬೆಂಕಿಯಿಂದ ತೆಗೆದ ಬೂದಿಯಲ್ಲಿ ದೋಷವಿರಲಿಕ್ಕಿಲ್ಲ. ಆದರೆ ಬುಟ್ಟಿ ದನದ ಕೊಟ್ಟಿಗೆಯ ಪಕ್ಕದಲ್ಲಿದೆ. ಹತ್ತು ಕೈ ಅದರಲ್ಲಿ ಆಡುತ್ತದೆ. ಹಳೆಯ ಬಟ್ಟೆಯಲ್ಲಿ ಕಟ್ಟಿ ತಿಂಗಳುಗಟ್ಟಲೆ ಗೂಟಕ್ಕೆ ತೂಗುಹಾಕುತ್ತಾರೆ. ಸಗಣಿಯಲ್ಲಿ, ಧೂಳಿನಲ್ಲಿ ಕಣ್ಣಿಗೆ ಕಾಣದ ಒಂದು ವಿಷ ಇರುತ್ತದೆ. ಹಸಿ ಹೊಕ್ಕಳೆಂದರೆ ಅದಕ್ಕೆ ತೆರೆದ ಬಾಗಿಲು. ಕುಡುಗೋಲಿನಿಂದಲೂ ಅದೇ ವಿಷ ಒಳಗೆ ಹೋಗುತ್ತದೆ. ಆಮೇಲೆ ಕೂಸಿಗೆ ಧನುರ್ವಾಯು ಬರುತ್ತದೆ.

ಅಜ್ಜನವರು ಒಂದೇ ಪ್ರಶ್ನೆ ಕೇಳಿದರು. "ಎಷ್ಟನೇ ದಿನಕ್ಕ?"

"ಹೆಚ್ಚಾಗಿ ಏಳು, ಎಂಟನೆಯ ದಿನಕ್ಕೆ, ಸ್ವಾಮಿಗಳೇ."

ಏಳು, ಎಂಟು ಎಂಬ ಆ ಎರಡು ಮಾತು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿನ ಎದೆಗೂ ತಾಗಿತು. ನಮ್ಮ ಸೋದರತ್ತೆಯವರದೂ ಒಂದು ಕೂಸು ಏಳನೆಯ ದಿನವೇ ಹೋಗಿತ್ತು.

"ಸುಳ್ಳು!" ಎಂದು ಸಂಕವ್ವ ಕೂಗಿದಳು. "ಸುಳ್ಳು ಹೇಳ್ತಾಳ್ರಿ ಆಕಿ! ಖರೇ ಅಂದ್ರ..." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಖರೇ ಅಂದ್ರ, ನೀಲವ್ವನ ಕೂಸುಗಳನ್ನ ನಾನ ಕೊಂದಂಗಾತಲ್ಲರಿ ಅಜ್ಜಾರ."

ಇಷ್ಟು ದಿನ ಎಲ್ಲರೂ ಸಂಕವ್ವನಿಗೆ ಸೊಕ್ಕು ಎಂದೇ ತಿಳಿದಿದ್ದರು. ಅಜ್ಜನವರೊಬ್ಬರು ಮಾತ್ರ ನಿಜವನ್ನು ಕಂಡರು. ವಯಸ್ಸಾದವರು ಹೊಸದನ್ನು ಕಲಿಯಲು ಹಿಂಜರಿಯುವುದು ಬುದ್ಧಿ ಸಾಲದೆಯೂ ಅಲ್ಲ, ಬರಿಯ ಅಭಿಮಾನದಿಂದಲೂ ಅಲ್ಲ. ಚಿಕ್ಕವರಿಗೆ ಕಲಿಕೆಯೆಂದರೆ ಮುಂದಿನ ದಾರಿ ಮಾತ್ರ. ಹಿರಿಯರಿಗೆ ಅದು ಹಿಂದಿನ ದಾರಿಯನ್ನೂ ತೋರಿಸಿಬಿಡುತ್ತದೆ, ನಡೆದಲ್ಲೆಲ್ಲ ಏನನ್ನು ತುಳಿದೆವು ಎಂಬುದನ್ನು. ಅದನ್ನು ನೋಡುವ ಧೈರ್ಯ ಸಂಕವ್ವನಿಗೆ ಸಾಲದಾಗಿತ್ತು. ಯಾರಿಗೆ ತಾನೆ ಸಾಲುತ್ತದೆ?

ಅಜ್ಜನವರು ಎದ್ದರು. ಒಲೆಯ ಪಕ್ಕದ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ತಂದು ಸಂಕವ್ವನ ಮುಂದೆ ಇಟ್ಟು, ಅವಳ ಎದುರಿಗೆ ಬರಿಯ ನೆಲದ ಮೇಲೆ ಕುಳಿತರು.

"ಹಚ್ಚಿದಾಕಿ ನೀನು. ಕೊಟ್ಟಾಂವ ನಾನು. ತಪ್ಪಿನಾಗ ಮೊದಲನೇ ಪಾಲು ನನ್ನದು, ಸಂಕವ್ವ" ಎಂದರು.

ಈರಭದ್ರಪ್ಪ, "ಅಜ್ಜಾರ, ಹಂಗನಬ್ಯಾಡ್ರಿ" ಎಂದು ಕೈಮುಗಿದನು.

"ಅನ್ನಾಕ ಬಿಡಪಾ. ತಿಳೀಲಾರದ ಮಾಡಿದ್ದು ತಪ್ಪು. ತಿಳಿದೂ ಮಾಡಿದ್ರ ಪಾಪ. ನಾನೂ ಸಂಕವ್ವನೂ ಇವತ್ತಿನಮಟ ತಪ್ಪು ಮಾಡೀವಿ. ನಾಳಿಂದ ಏನು ಮಾಡ್ತೀವಿ ಅನ್ನೂದು ನಮ್ಮ ಕೈಯಾಗ ಐತಿ." ಅನಂತರ ಅಂಬುಜಾಕ್ಷಿಯ ಕಡೆಗೆ ತಿರುಗಿ, "ತಾಯಿ, ನಾಳೆ ಪಾಠ ಎಷ್ಟು ಗಂಟೆಕ್ಕ?" ಎಂದು ಕೇಳಿದರು.

ಅಂದೇ ಬುಟ್ಟಿಯ ಭಸ್ಮವನ್ನೆಲ್ಲ ಹಿತ್ತಲ ಬೇವಿನ ಬುಡಕ್ಕೆ ಸುರಿಸಿದರು. ಮಠದಲ್ಲಿ ಭಸ್ಮ ಕೊಡುವುದೇನೂ ನಿಲ್ಲಲಿಲ್ಲ, ಭಕ್ತರು ಹಾಗೆ ತಿಳಿಯಬಾರದು. ಅಂದಿನಿಂದ ಅದು ಹಣೆಗೆ ಮಾತ್ರ ಎಂದಾಯಿತು, ಅಷ್ಟೇ.

ಮರುದಿನ ಚಾವಡಿಗೆ ಅಜ್ಜನವರು ಹೊರಟಾಗ ಊರೇ ಬೀದಿಗೆ ಬಂದಿತು. ಬಾವಿಕಟ್ಟೆಯಿಂದ ಒಬ್ಬ ಮುದುಕಿ ಸಲಿಗೆಯಿಂದ, "ಏನ್ರಿ ಅಜ್ಜಾರ, ಇನ್ನ ಮ್ಯಾಲ ಹೆರಗಿನೂ ನೀವ ಮಾಡಸಾವ್ರೇನು?" ಎಂದು ಕೇಳಿದಳು.

"ಇಲ್ಲವಾ, ನೀ ಏನು ಹೆದರಬ್ಯಾಡ. ಏನು ಕೊಡಬಾರದು ಅನ್ನೂದು ಕಲಿಯಾಕ ಹೊಂಟೀನಿ" ಎಂದು ನಗುತ್ತ ನಡೆದರು.

ಹೆಂಗಸರ ಪಾಠದಲ್ಲಿ ಅಜ್ಜನವರು ಕುಳಿತರೆಂದು ಯಾರೂ ಬೇರೆ ಎಣಿಸಬಾರದು. ಅಂದಿನ ಪಾಠ ಕೈ ತೊಳೆಯುವುದರದು ಮಾತ್ರ. ಅಂಬುಜಾಕ್ಷಿ ಕಂದೀಲಿನ ಕಾಡಿಗೆಯನ್ನು ಔಡಲೆಣ್ಣೆಯಲ್ಲಿ ಕಲಸಿ ಎಲ್ಲರ ಕೈಗೂ ಬಳಿದಳು. ಕಣ್ಣು ಮುಚ್ಚಿಕೊಂಡು ಸಾಬೂನಿನಿಂದ ತೊಳೆಯಬೇಕು. ಆಮೇಲೆ ಕಣ್ಣು ತೆರೆದು ಎಲ್ಲೆಲ್ಲಿ ಕಪ್ಪು ಉಳಿದಿದೆ ಎಂದು ನೋಡಬೇಕು. ಎಲ್ಲಿ ಕಪ್ಪು ಉಳಿಯುತ್ತದೆಯೋ ಅಲ್ಲಿ ಕಾಣದ ಹೊಲಸೂ ಉಳಿಯುತ್ತದೆ, ಇದು ಪಾಠ. ಚಾಪೆಯ ತುದಿಯಲ್ಲಿ ಕುಳಿತಿದ್ದ ಅಜ್ಜನವರೂ ಕೈ ಚಾಚಿದರು.

ಅವರು ತೊಳೆದರು. ಉಗುರಿನ ಸಂದಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ ಕಪ್ಪು ಹಾಗೆಯೇ ಇತ್ತು. ಅಂಬುಜಾಕ್ಷಿ ಅಜ್ಜನವರ ಮುಖ ನೋಡಿದಳು.

"ಹೇಳವಾ. ನನ್ನ ಮುಖಾ ನೋಡಬ್ಯಾಡ, ಕೈ ನೋಡು."

"ಹೋಗಲಿಲ್ಲ ಸ್ವಾಮಿಗಳೇ. ಪುನಃ ತೊಳೆಯಬೇಕು."

ಪುನಃ ತೊಳೆದರು. ಹೋಗಲಿಲ್ಲ. ಮೂರನೆಯ ಸಲವೂ ಹೋಗಲಿಲ್ಲ. ಕಿಟಕಿಯಲ್ಲಿ ಇಣುಕುತ್ತಿದ್ದವರು ಮುಸಿಮುಸಿ ನಕ್ಕರು, ಅಜ್ಜನವರು ಅವರಿಗಿಂತ ಜೋರಾಗಿ ನಕ್ಕು, "ಅರವತ್ತೈದು ವರ್ಷಾತು ಈ ಕೈ ತೊಳಕೋತ. ಇವತ್ತು ಪರೀಕ್ಷೆದಾಗ ಮೂರು ಸಲ ನಪಾಸು!" ಎಂದರು. ಬಾಗಿದ ಬೆನ್ನಿನಿಂದಲೇ ನಾಲ್ಕನೆಯ ಸಲ ತಂಬಿಗೆಗೆ ಕೈ ಹಾಕಿದರು.

ಸಂಕವ್ವ ಹೊರಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹಿಂದಿನ ದಿನದಿಂದ ಅವಳು ಉಂಡಿರಲಿಲ್ಲ. ಒಳಗೆ ಬರುವ ಧೈರ್ಯವೂ ಇರಲಿಲ್ಲ, ಮನೆಗೆ ಹೋಗುವ ಮನಸ್ಸೂ ಇರಲಿಲ್ಲ. ಆದರೆ ಕೈಕೆಲಸ ಬಲ್ಲವರಿಗೆ ಒಂದು ಗುಣವಿರುತ್ತದೆ: ಎದುರಿಗೆ ಯಾರಾದರೂ ತಪ್ಪಾಗಿ ಮಾಡುತ್ತಿದ್ದರೆ ಅವರಿಂದ ಸುಮ್ಮನೆ ನೋಡಲಾಗುವುದಿಲ್ಲ.

"ಅಯ್ಯ ಅಜ್ಜಾರ, ಹಂಗಲ್ರಿ! ಬೆರಳಿನ ಸಂದ್ಯಾಗ ಬೆರಳು ಹಾಕಿ ತಿಕ್ರಿ!" ಎಂದು ಒಳಗೆ ಬಂದೇಬಿಟ್ಟಳು.

"ನನಗ ಬರವಲ್ದವಾ. ನೀ ಮಾಡಿ ತೋರಸು."

ಸಂಕವ್ವ ಚಾಪೆಯ ಮೇಲೆ ಕುಳಿತು ಅಂಬುಜಾಕ್ಷಿಯ ಮುಂದೆ ತನ್ನ ಕೈ ಚಾಚಿದಳು. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ ಆ ಕೈಗೆ ಇಪ್ಪತ್ತಮೂರರ ಹುಡುಗಿ ಕಾಡಿಗೆ ಬಳಿದಳು. ಸಂಕವ್ವ ಕಣ್ಣು ಮುಚ್ಚಿ ತೊಳೆದಳು. ಕಣ್ಣು ತೆರೆದಾಗ ಉದ್ದನೆಯ ಉಗುರುಗಳ ಕೆಳಗೆ ಮಾತ್ರ ಕಪ್ಪಿತ್ತು, ಬೇರೆಲ್ಲೂ ಇರಲಿಲ್ಲ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಬ್ಲೇಡು ಕೊಡವಾ" ಎಂದಳು ಕೊನೆಗೆ. ಮೊದಲನೆಯ ಪಾಠಕ್ಕೆ ಹತ್ತೂ ಉಗುರು ಅಲ್ಲಿಯೇ ತೆಗೆದಳು. ಅಂಬುಜಾಕ್ಷಿ ಆ ಬೋಳು ಬೆರಳುಗಳನ್ನು ಕಣ್ಣಿಗೊತ್ತಿಕೊಂಡು, "ಅವ್ವ, ಕೂಸು ಅಡ್ಡ ಇದೆ ಎಂದು ಅಂಗೈಯಲ್ಲೇ ಹೇಗೆ ತಿಳಿಯುತ್ತೀರಿ? ನನಗೆ ಪುಸ್ತಕದಲ್ಲಿ ಮಾತ್ರ ಗೊತ್ತು. ನೀವು ಕಲಿಸಬೇಕು" ಎಂದಳು. ಅಲ್ಲಿಂದ ಮುಂದಿನ ಎಂಟು ದಿನ ಆ ಚಾವಡಿಯಲ್ಲಿ ಇಬ್ಬರು ಗುರುಗಳು, ಇಬ್ಬರು ಶಿಷ್ಯೆಯರು. ಯಾರು ಗುರು, ಯಾರು ಶಿಷ್ಯೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲವಂತೆ.

ಹತ್ತನೆಯ ದಿನ ನೀಲವ್ವ ತಾನೇ ತಾಯಿಯ ಮನೆಗೆ ಬಂದಳು. ಸಂಕವ್ವನ ಕೈ ಎತ್ತಿ ಉಗುರು ನೋಡಿ, ಆ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನೆಟ್ಟಗ ಐತಿ" ಎಂದಳು ಸಂಕವ್ವ.

ಮುಂದೆ ಮೂರು ವಾರಕ್ಕೆ, ಒಂದು ಸೋಮವಾರ ಹೊತ್ತೇರುವ ಮುಂಚೆ ನೀಲವ್ವನಿಗೆ ಬೇನೆ ಬಂದು, ಗಂಡನ ಮನೆಯಲ್ಲಿಯೇ ಹೆರಿಗೆಯಾಯಿತು. ಕುದಿಸಿದ ಬ್ಲೇಡು, ಕುದಿಸಿದ ದಾರ. ಮಾಡಿಸಿದವಳು ಸಂಕವ್ವ, ಅಂಬುಜಾಕ್ಷಿ ಪಕ್ಕದಲ್ಲಿ ಬಿಸಿನೀರು ಹಿಡಿದು ನಿಂತಿದ್ದಳು. ಹೆಣ್ಣುಕೂಸು. ಹೊಕ್ಕಳಿಗೆ ಏನನ್ನೂ ಹಚ್ಚಲಿಲ್ಲ.

ಕಲಿಯುವುದಕ್ಕಿಂತ ಕಲಿತದ್ದನ್ನು ಹಿಡಿದು ನಿಲ್ಲುವುದು ಕಷ್ಟ. ಮೂರನೆಯ ದಿನ ನೀಲವ್ವನ ಅತ್ತೆ ಗೂಟದಲ್ಲಿದ್ದ ಹಳೆಯ ಭಸ್ಮದ ಗಂಟನ್ನು ತಂದು, "ಬೀಗತಿ, ಬರೀ ಹೊಕ್ಕಳ ನೋಡಿದ್ರ ನನ್ನ ಜೀವಾ ಹಾರತೈತಿ. ಚಿಟಿಗಿಯಷ್ಟು ಹಚ್ಚು, ಬಾಯಾರಿಗೆ ನಾನೇನು ಹೇಳೂದಿಲ್ಲ" ಎಂದು ಗೋಗರೆದಳು. ಸಂಕವ್ವನ ಕೈಯೂ ಒಂದು ಕ್ಷಣ ಗಂಟಿನ ಕಡೆಗೆ ಹೋಯಿತಂತೆ, ನಲವತ್ತು ವರ್ಷದ ಅಭ್ಯಾಸ ಅಲ್ಲವೇ? ಆದರೆ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ನನಗ ತಿಳಿದೈತಿ ಬೀಗತಿ. ತಿಳಿದ ಮ್ಯಾಲ ಆಗೂದಿಲ್ಲ" ಎಂದಳು.

ಏಳನೆಯ ದಿನ ಹೊತ್ತು ಹುಟ್ಟುವ ಮೊದಲೇ ಅಜ್ಜನವರು ಬಂದು ಆ ಮನೆಯ ಕಟ್ಟೆಯ ಮೇಲೆ ಕುಳಿತರು. ಯಾರೂ ಕರೆದಿರಲಿಲ್ಲ. ಕಣ್ಣು ಮುಚ್ಚಿ ಕುಳಿತವರು ನೀರನ್ನೂ ಮುಟ್ಟಲಿಲ್ಲ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ಕುಳಿತರು. ಒಳಗೆ ಸಂಕವ್ವ ಕೂಸಿನ ತುಟಿಯ ಮೇಲೆ ಕಣ್ಣಿಟ್ಟು ಕುಳಿತಿದ್ದಳು. ಏಳನೆಯ ದಿನ ಕಳೆಯಿತು. ಎಂಟನೆಯ ದಿನ ಬೆಳಗಾಯಿತು, ಮಧ್ಯಾಹ್ನವಾಯಿತು. ಅಷ್ಟರಲ್ಲಿ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಎಂಥ ಅಳು! ಹಸಿವಾಗಿ, ಸಿಟ್ಟಾಗಿ, ಬಾಯಿ ಅಗಲ ತೆರೆದು ಅತ್ತ ಅಳು. ಬಾಯಿ ಕಚ್ಚಿಕೊಂಡ ಕೂಸು ಹಾಗೆ ಅಳಲಾರದು. ಅಂಗಳದಲ್ಲಿದ್ದ ತಾಯಂದಿರಿಗೆಲ್ಲ ಅದು ಗೊತ್ತಿತ್ತು. ಅಂಬುಜಾಕ್ಷಿ ಹೊರಗೆ ಓಡಿಬಂದು, "ಹೊಕ್ಕಳಬಳ್ಳಿ ಒಣಗಿ ಬಿದ್ದಿದೆ! ಹಾಲು ಕುಡಿಯುತ್ತಿದೆ!" ಎಂದಳು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಜ್ಜನವರ ಕಣ್ಣಿನಿಂದ ಧಾರೆಯಾಗಿ ನೀರು ಇಳಿಯುತ್ತಿದ್ದುದನ್ನು ನಮ್ಮ ಸೋದರತ್ತೆಯವರು ಅಂದೇ ಮೊದಲು, ಅಂದೇ ಕೊನೆ ನೋಡಿದ್ದಂತೆ.

ಪ್ರಸಂಗ ಇಲ್ಲಿಗೆ ಮುಗಿಯಿತೆಂದು ನಾನೂ ಮೊದಲು ತಿಳಿದಿದ್ದೆ. ಸೋದರತ್ತೆಯವರು, "ಇಲ್ಲ, ಆಕಿ ಮುಂದ ಏನು ಮಾಡಿದ್ಲು ಕೇಳು" ಎಂದರು.

ಆ ಕೂಸಿಗೆ ತಿಂಗಳು ತುಂಬಿದ ಮೇಲೆ ಸಂಕವ್ವ ಮಠಕ್ಕೆ ಬಂದು ಅಜ್ಜನವರ ಪಾದ ಹಿಡಿದು, "ಅಜ್ಜಾರ, ಹೋದ ಕೂಸುಗಳಿಗೆ ನಾ ಏನು ಮಾಡ್ಲಿ?" ಎಂದು ಕೇಳಿದಳು.

"ಬರೂ ಕೂಸುಗಳಿಗೆ ಮಾಡವಾ" ಎಂದರು ಅಜ್ಜನವರು. ಅಷ್ಟೇ ಹೇಳಿದರು.

ಸಂಕವ್ವ ಮರುದಿನವೇ ಹೊರಟಳು. ಪಾಠಕ್ಕೆ ಬಾರದ ಸೂಲಗಿತ್ತಿಯರ ಮನೆಗಳಿಗೆ, ಒಂಬತ್ತು ಹಳ್ಳಿಗೂ, ಕಾಲ್ನಡಿಗೆಯಲ್ಲಿ. ಸರ್ಕಾರದ ಅಧಿಕಾರಿಗಳು ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಸಂಕವ್ವ ಬಂದಳೆಂದರೆ ಚಾಪೆ ಹಾಸುತ್ತಿದ್ದರು. ಅವಳು ಮೊದಲು ಯಾರ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. "ನನ್ನ ಕೈಯಾಗ ಮಗಳ ಎರಡು ಕೂಸು ಹೋದುವು, ಯಾಕಂದ್ರ ನನಗ ಗೊತ್ತಿರಲಿಲ್ಲ" ಎಂದು ತನ್ನದನ್ನೇ ಮೊದಲು ಹೇಳುತ್ತಿದ್ದಳು. ಅಷ್ಟು ಕೇಳಿದ ಮೇಲೆ ಎದುರಿನವಳಿಗೆ ತನ್ನದನ್ನು ಹೇಳಿಕೊಳ್ಳುವುದು ಕಷ್ಟವಾಗುತ್ತಿರಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ನಿಂತವಳು ಕೊನೆಯ ಹಳ್ಳಿಯ ಹುಲಿಗೆವ್ವ. ಸಂಕವ್ವನಿಗಿಂತ ಹಿರಿಯಳು, ಮುಂಗೋಪಿ. ಕಟ್ಟೆಯ ಮೇಲೆ ಎಲೆಯಡಿಕೆ ಕುಟ್ಟುತ್ತ, "ಹೋಗ ಸಂಕೀ, ನನಗ ಎಪ್ಪತ್ತಾತು. ಸುಡಗಾಡಿಗೆ ಹೋಗೂ ವಯಸ್ಸಿನಾಗ ಸಾಲಿ ಕಲಸಾಕ ಬಂದಾಳ" ಎಂದು ಮುಖ ತಿರುಗಿಸಿದಳು.

"ಈ ವಾರದಾಗ ಯಾರದರ ಹೆರಗಿ ಐತೇನ ಯಕ್ಕಾ?" ಎಂದು ಕೇಳಿದಳು ಸಂಕವ್ವ.

"ಐತಿ. ಕುಂಬಾರ ಮನ್ಯಾಗ. ಇವತ್ತೋ ನಾಳೆಯೋ. ಯಾಕ?"

"ಹುಟ್ಟೂ ಕೂಸಿಗೆ ನಿನ್ನ ವಯಸ್ಸು ಗೊತ್ತಿಲ್ಲ."

ಹುಲಿಗೆವ್ವ ಕುಟ್ಟುವುದನ್ನು ನಿಲ್ಲಿಸಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು. "ಆ ಸಾಬೂನು ಎಲ್ಲಿ ಸಿಗತೈತಿ, ನಡಿ" ಎಂದಳು. ಇಬ್ಬರೂ ಮುದುಕಿಯರು ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬೀದಿಗುಂಟ ನಡೆದು ಹೋದದ್ದನ್ನು ಆ ಹಳ್ಳಿಯವರು ನೋಡಿದರು. ಮರುದಿನ ಕುಂಬಾರರ ಮನೆಯಲ್ಲಿ ಅವಳಿ ಗಂಡುಕೂಸುಗಳು ಹುಟ್ಟಿದವು. ಎರಡೂ ಬದುಕಿದವು.